ಮನೆಗೊಂದು ಕೈದೀಪ

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಮೊದಲು ಬೆಳಗಿದುದು 1905ನೆಯ ಇಸವಿ ಆಗಸ್ಟ್ ತಿಂಗಳ 5ನೆಯ ತಾರೀಖಿನಂದು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು, ಮೂರು ವರ್ಷಗಳ ತರುವಾಯ ಪೇಟೆಗೆ ಬಂದಿತು. ಅಂದಿನಿಂದ ನೂರ ಇಪ್ಪತ್ತು ವರ್ಷಗಳು ಸಂದಿವೆ. ಪೇಟೆಯೂ ದಂಡೂ 1949ರಲ್ಲಿ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದುವು; ಊರು ಪೂರ್ವದಿಕ್ಕಿಗೆ ಹಲಸೂರನ್ನು ದಾಟಿ, ಇಂದಿರಾನಗರವನ್ನು ದಾಟಿ, ಕೃಷ್ಣರಾಜಪುರವನ್ನು ಒಳಗೆ ಸೇರಿಸಿಕೊಂಡು ಇನ್ನೂ ಮುಂದಕ್ಕೆ ಹೋಗಿದೆ. ಇಷ್ಟಾದರೂ ಗೃಹಸ್ಥನು ಕತ್ತಲೆಯಲ್ಲಿ ತಡವರಿಸುವ ಪ್ರಸಂಗಗಳು ತಪ್ಪಿಲ್ಲ. ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆಗೆ ದೊಡ್ಡ ಮರವೊಂದು ತಂತಿಯ ಮೇಲೆ ಬಿದ್ದರೆ ಸಾಕು, ಬೀದಿಗೆ ಬೀದಿಯೇ ಆರಿಹೋಗುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಪೂರ್ವಭಾಗದ ಬಡಾವಣೆಗಳು ನೀರಿನಲ್ಲಿ ನಿಂತು, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರತರಬೇಕಾಯಿತು. ನೆಲಮಾಳಿಗೆಗಳಿಗೆ ನೀರು ನುಗ್ಗಿದ ಕಟ್ಟಡಗಳಲ್ಲಿ ದೀಪವೂ ಇಲ್ಲ, ಲಿಫ್ಟೂ ಇಲ್ಲ. ಅದಲ್ಲದೆ ನಮ್ಮ ಸಂಜೆ ಬಹಳ ಚಿಕ್ಕದು. ಹದಿಮೂರು ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಸೂರ್ಯಾಸ್ತವಾದ ಮೇಲೆ ಇಪ್ಪತ್ತು ಇಪ್ಪತ್ತೆರಡು ನಿಮಿಷಗಳೊಳಗೆ ಕತ್ತಲೆ ಕವಿಯುತ್ತದೆ.

ಇದು ಬರಿಯ ಅನುಕೂಲದ ಮಾತಾಗಿದ್ದರೆ ಇಷ್ಟು ಪೀಠಿಕೆ ಬೇಕಿರಲಿಲ್ಲ. 2023ರ ನವೆಂಬರ್ 19ರಂದು, ಇನ್ನೂ ಬೆಳಕು ಹರಿಯುವ ಮುನ್ನ, ಕೃಷ್ಣರಾಜಪುರದಾಚೆಯ ಹೋಪ್ ಫಾರ್ಮ್ ವೃತ್ತದ ಬಳಿ ತಾಯಿಯೊಬ್ಬಳೂ ಅವಳ ಒಂಬತ್ತು ತಿಂಗಳ ಮಗಳೂ ಕಾಲುದಾರಿಯ ಮೇಲೆ ಹರಿದು ಬಿದ್ದಿದ್ದ ವಿದ್ಯುತ್ ತಂತಿಯಿಂದ ಪ್ರಾಣ ಬಿಟ್ಟರು. ಊರಿನಿಂದ ಬಂದಿಳಿದು ಮನೆಗೆ ನಡೆಯುತ್ತಿದ್ದವರು. ತಂತಿಯಲ್ಲಿ ವಿದ್ಯುತ್ತಿದೆಯೆ ಇಲ್ಲವೆ ಎಂಬುದನ್ನು ಯಾವ ದೀಪವೂ ತಿಳಿಸಲಾರದು. ಕತ್ತಲೆಯಲ್ಲಿ ನಡೆಯುವವರ ಕೈಯಲ್ಲಿ ದೀಪವಿರಲಿಲ್ಲವೆಂದು ದೂಷಿಸುವುದೂ ನ್ಯಾಯವಲ್ಲ, ತಂತಿ ಅಲ್ಲಿ ಬೀಳದಂತೆ ನೋಡಿಕೊಳ್ಳುವುದು ಬೇರೆಯವರ ಹೊಣೆ. ಆದರೂ ನಾಲ್ಕು ಹೆಜ್ಜೆ ಮುಂದೆಯೇ ನೆಲ ಕಾಣುವಂತಿದ್ದರೆ ತಂತಿ ಕಂಡವನು ದೂರ ನಿಂತು 1912ಕ್ಕೆ ದೂರವಾಣಿ ಮಾಡಬಹುದು. ಇನ್ನು ಹಾವಿನ ವಿಷಯ. ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂದು ಅಂದಾಜಿದೆ. ಹಾವಿನ ಕಡಿತವನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ವ್ಯಾಧಿಗಳ ಪಟ್ಟಿಗೆ ಕರ್ನಾಟಕವು 2024ರಲ್ಲಿ ಸೇರಿಸಿತು. ಕೊಳಕುಮಂಡಲವೂ ಕಟ್ಟುಹಾವೂ ರಾತ್ರಿ ಸಂಚರಿಸತಕ್ಕವು. ಹೊಸ ಬಡಾವಣೆಗಳಲ್ಲಿ ಕಳೆ ಬೆಳೆದ ಖಾಲಿ ನಿವೇಶನಗಳ ಪಕ್ಕದಲ್ಲಿ ವಾಸಿಸುವವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಮೊಬೈಲಿನಲ್ಲಿಯೇ ದೀಪವಿದೆಯಲ್ಲ ಎಂದು ಕೇಳುವವರುಂಟು. ಉಂಟು, ಬೀಗದ ಕಿಂಡಿಯನ್ನು ಹುಡುಕುವುದಕ್ಕೆ ಅದು ಸಾಕು. ಆದರೆ ಅದರ ಬೆಳಕು ಕೆಲವೇ ಹೆಜ್ಜೆಗಳ ದೂರಕ್ಕೆ ಚದುರಿ ಮಸುಕಾಗುತ್ತದೆ, ಮಳೆಯಲ್ಲಿ ಕೈಜಾರುತ್ತದೆ, ಮತ್ತು ಆಪತ್ಕಾಲದಲ್ಲಿ ಯಾರನ್ನಾದರೂ ಕರೆಯಬೇಕಾದ ಸಾಧನದ ಶಕ್ತಿಯನ್ನೇ ತಿಂದುಬಿಡುತ್ತದೆ. ಆದಕಾರಣ ಮನೆಗೊಂದು ಪ್ರತ್ಯೇಕ ಕೈದೀಪವಿರತಕ್ಕದ್ದು.

ನಮ್ಮ ಜನ ಈ ವಸ್ತುವನ್ನು ಬಹುಕಾಲದಿಂದ ‘ಬ್ಯಾಟರಿ’ ಎಂದೇ ಕರೆಯುತ್ತ ಬಂದಿದ್ದಾರೆ. ಒಳಗಿನ ಸೆಲ್ಲಿನ ಹೆಸರನ್ನೇ ಇಡೀ ದೀಪಕ್ಕೆ ಕೊಟ್ಟುದರಲ್ಲಿ ವಿವೇಕವಿಲ್ಲದಿಲ್ಲ. ಮುಂದೆ ನೋಡುವಂತೆ ದೀಪದ ಯೋಗ್ಯತೆಯ ಅರ್ಧ ಪಾಲು ಸೆಲ್ಲಿನಲ್ಲಿಯೇ ಇದೆ. 1899ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲ ಹಕ್ಕುಪತ್ರಗಳು ದೊರೆತಾಗ ಸೆಲ್ಲುಗಳು ಎಷ್ಟು ದುರ್ಬಲವಾಗಿದ್ದುವೆಂದರೆ ದೀಪವನ್ನು ಎಡೆಬಿಡದೆ ಉರಿಸಲಾಗದೆ ಮಿಂಚಿನಂತೆ ಆಗಾಗ ಬೆಳಗಿಸಿ ಆರಿಸಬೇಕಾಗುತ್ತಿತ್ತು. ಅಂದಿನ ಬುರುಡೆಯೊಳಗಿನ ತಂತಿಯು ಕಾದು ಬೆಳಗುತ್ತಿದ್ದುದರಿಂದ ಶಕ್ತಿಯ ಬಹುಭಾಗ ಕಾವಾಗಿ ಹೋಗುತ್ತಿತ್ತು. ಈಗಿನ ಎಲ್‌ಇಡಿಯಲ್ಲಿ ಕಾಯುವ ತಂತಿಯಿಲ್ಲ. ನೀಲಿಯ ಬೆಳಕನ್ನು ಸೂಸುವ ಒಂದು ಹರಳಿನ ಮೇಲೆ ಹಳದಿಯ ಲೇಪವಿದ್ದು, ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆ ನೀಲಿಯ ಹರಳನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು. ಹೆಬ್ಬೆಟ್ಟಿನ ಗಾತ್ರದ ದೀಪವು ಕೋಣೆಯನ್ನು ಬೆಳಗುವುದು ಇವರ ಉಪಕಾರ.

ಆದರೆ ಇದೇ ಸುಳ್ಳಿಗೂ ದಾರಿಯಾಗಿದೆ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಆಸುಪಾಸಿನ ಬೀದಿಗಳಲ್ಲಿಯಾಗಲಿ, ಮನೆಗೇ ತಂದುಕೊಡುವ ವರ್ತಕರಲ್ಲಿಯಾಗಲಿ ಕೈದೀಪವನ್ನು ಕೇಳಿದರೆ ಪೆಟ್ಟಿಗೆಯ ಮೇಲೆ ಹತ್ತು ಸಾವಿರ, ಲಕ್ಷ ಎಂದು ಲ್ಯೂಮೆನ್ನಿನ ಸಂಖ್ಯೆಗಳು ಕಾಣುತ್ತವೆ. ಲ್ಯೂಮೆನ್ ಎಂದರೆ ದೀಪದಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಈ ಸಂಖ್ಯೆಗಳನ್ನು ಪರೀಕ್ಷಿಸುವುದಕ್ಕೆ ಯಂತ್ರ ಬೇಕಿಲ್ಲ, ಸಂತೆಯ ಲೆಕ್ಕ ಸಾಕು. ಹೇಗೆಂದರೆ, ಒಳ್ಳೆಯ ಕೈದೀಪವು ಒಂದು ವಾಟ್ ಶಕ್ತಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆಂದು ಹಿಡಿಯೋಣ. ಇಂತಹ ದೀಪಗಳಲ್ಲಿ ಬಹಳವಾಗಿ ಬಳಸುವುದು 18650 ಎಂಬ ಲಿಥಿಯಂ ಸೆಲ್ಲು. 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ, ಅಳತೆಯೇ ಹೆಸರಾಗಿದೆ. ಅದರ ಉತ್ತಮ ಮಾದರಿಯಲ್ಲಿ 3,400 ಮಿಲಿ ಆಂಪಿಯರ್-ಗಂಟೆಗಳ ಸಂಗ್ರಹ, 3.6 ವೋಲ್ಟ್ ಒತ್ತಡ. ಗುಣಿಸಿದರೆ 12 ವಾಟ್-ಗಂಟೆಗಳು. ಅಂದರೆ 1,200 ಲ್ಯೂಮೆನ್ ಒಂದು ಗಂಟೆ, ಅಥವಾ 300 ಲ್ಯೂಮೆನ್ ನಾಲ್ಕು ಗಂಟೆ, ಅಥವಾ 100 ಲ್ಯೂಮೆನ್ ಹನ್ನೆರಡು ಗಂಟೆ. ಹುಂಡಿಯಲ್ಲಿರುವುದು ಇಷ್ಟೇ. ಹತ್ತು ಸಾವಿರ ಲ್ಯೂಮೆನ್ ಬೇಕೆಂದರೆ 100 ವಾಟ್ ಬೇಕು. ಹುಂಡಿ ಏಳು ನಿಮಿಷಗಳಲ್ಲಿ ಬರಿದಾಗುತ್ತದೆ. ಅದೂ ಆಗಲಾರದು, ಏತಕ್ಕೆಂದರೆ ಅದಕ್ಕೆ 28 ಆಂಪಿಯರ್ ಪ್ರವಾಹ ಬೇಕು, ಇಷ್ಟು ಸಂಗ್ರಹವುಳ್ಳ ಸೆಲ್ಲು ಕೊಡುವುದು ಹತ್ತರ ಆಸುಪಾಸು. ಒಂದೇ ಸೆಲ್ಲಿನ ದೀಪದ ಮೇಲೆ ಲಕ್ಷ ಲ್ಯೂಮೆನ್ ಎಂದು ಬರೆದವನಿಗೆ ನಾಚಿಕೆಯಿಲ್ಲ. ಕೊಳ್ಳುವವನು ಓದಿ ಮುಂದೆ ಹೋಗುವುದು ಒಳ್ಳೆಯದು.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ದೀಪವನ್ನು ಅತ್ಯಂತ ಪ್ರಖರವಾದ ಹಂತಕ್ಕೆ ಹಚ್ಚಿ ಐದು ನಿಮಿಷ ಕೈಯಲ್ಲಿ ಹಿಡಿದಿರಿ. ಎಲ್‌ಇಡಿ ಎಷ್ಟೇ ಮಿತವ್ಯಯದ್ದಾದರೂ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಕಾವಾಗಿಯೇ ಹೋಗುತ್ತದೆ. ಮೂರು ಸಾವಿರ ಲ್ಯೂಮೆನ್ ನಿಜವಾಗಿದ್ದರೆ ಆ ಚಿಕ್ಕ ಕೊಳವೆ ಬೇಗನೆ ಮುಟ್ಟಲಾಗದಷ್ಟು ಬಿಸಿಯಾಗಬೇಕು. ತಣ್ಣಗೆ ಕುಳಿತಿದ್ದರೆ ಸಂಖ್ಯೆ ಸುಳ್ಳು. ಬಿಸಿಯೇರಿ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ಬೆಳಕನ್ನು ತಗ್ಗಿಸಿಕೊಂಡರೆ ಅದು ದೋಷವಲ್ಲ, ದೀಪವು ತನ್ನನ್ನೂ ನಿಮ್ಮ ಅಂಗೈಯನ್ನೂ ಕಾಯುತ್ತಿದೆ. ಆದರೆ ಎಷ್ಟಕ್ಕೆ ತಗ್ಗಿತು, ತಗ್ಗಿದ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದೇ ಕೊಳ್ಳುವವನು ಕೇಳಬೇಕಾದ ಪ್ರಶ್ನೆ. ಪ್ರಾಮಾಣಿಕ ತಯಾರಕರು ಅನುಸರಿಸುವ ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಮಾನದಂಡವೂ 2009ರಲ್ಲಿ ಬಂದಿದೆ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ: ಲ್ಯೂಮೆನ್ನನ್ನು ಹಚ್ಚಿದ ಅರ್ಧ ನಿಮಿಷದಿಂದ ಎರಡು ನಿಮಿಷಗಳೊಳಗೆ ಅಳೆಯುತ್ತಾರೆ, ಉರಿಯುವ ಕಾಲವನ್ನು ಬೆಳಕು ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗೆ ಎಣಿಸುತ್ತಾರೆ. ಆದುದರಿಂದ ಮೂರು ನಿಮಿಷ 1,000 ಲ್ಯೂಮೆನ್ ಕೊಟ್ಟು, ಮಿಕ್ಕ ನಾಲ್ಕು ಗಂಟೆ 250 ಲ್ಯೂಮೆನ್ನಿನಲ್ಲಿ ಉರಿಯುವ ದೀಪದ ಮೇಲೆ ‘1,000 ಲ್ಯೂಮೆನ್, 4 ಗಂಟೆ’ ಎಂದು ಬರೆದರೆ ಸುಳ್ಳಾಗದು. ಅಂಗಡಿಯ ಮೊದಲ ನಿಮಿಷವನ್ನು ನೋಡಿ ಕೊಳ್ಳುವುದು ಬೇಡ, ಮಳೆಯ ರಾತ್ರಿಯ ಎರಡನೆಯ ಗಂಟೆಯನ್ನು ನೆನೆದು ಕೊಳ್ಳಬೇಕು.

ಹಾಗಾದರೆ ಎಷ್ಟು ಬೆಳಕು ಬೇಕು? ಮನೆಯೊಳಗೆ ಮಗು ಮಲಗಿರುವಾಗ ನೀರು ಕುಡಿಯಲು ಏಳುವುದಕ್ಕೆ ಐದು ಲ್ಯೂಮೆನ್ ಸಾಕು. ಇಷ್ಟು ಮಂದವಾದ ಹಂತವು ಅನೇಕ ದೀಪಗಳಲ್ಲಿ ಇರುವುದೇ ಇಲ್ಲ, ಇರುವುದನ್ನೇ ಆರಿಸಿ. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಪ್ರಖರವಾದ ಬೆಳಕು ಅದನ್ನು ಒಂದು ಕ್ಷಣದಲ್ಲಿ ಕೆಡಿಸುತ್ತದೆ. ಬೀದಿಯಲ್ಲಿ ನಡೆಯುವುದಕ್ಕೆ 100ರಿಂದ 300 ಧಾರಾಳ. ಕರೆಂಟು ಹೋದಾಗ 200 ಲ್ಯೂಮೆನ್ನಿನ ದೀಪವನ್ನು ಬಾಲದ ಮೇಲೆ ನಿಲ್ಲಿಸಿ ಸುಣ್ಣ ಬಳಿದ ಛಾವಣಿಗೆ ಬಿಟ್ಟರೆ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಊಟಮಾಡಬಹುದು. ಆದಕಾರಣ ಬಾಲವು ಚಪ್ಪಟೆಯಾಗಿ, ನೇರ ನಿಲ್ಲುವಂತಿರಲಿ.

ಬೆಳಕಿನ ಮೊತ್ತದಷ್ಟೇ ಮುಖ್ಯವಾದುದು ಅದು ಹರಡುವ ರೀತಿ. ಪ್ರತಿಫಲಕವು ಆಳವಾಗಿದ್ದರೆ ಬೆಳಕು ಈಟಿಯಂತೆ ದೂರ ಹೋಗುತ್ತದೆ. ಅದರ ತೀಕ್ಷ್ಣತೆಯನ್ನು ಕ್ಯಾಂಡೆಲಾ ಎಂಬ ಅಳತೆಯಲ್ಲಿ ಹೇಳುತ್ತಾರೆ. ಆ ಸಂಖ್ಯೆಯ ವರ್ಗಮೂಲವನ್ನು ಇಮ್ಮಡಿಸಿದರೆ ಪೆಟ್ಟಿಗೆಯ ಮೇಲೆ ಬರೆಯುವ ದೂರ ಮೀಟರುಗಳಲ್ಲಿ ಸಿಕ್ಕುತ್ತದೆ: 2,500 ಕ್ಯಾಂಡೆಲಾಕ್ಕೆ 100 ಮೀಟರು, 10,000ಕ್ಕೆ 200. ಆ ದೂರದಲ್ಲಿ ಸಿಕ್ಕುವುದು ಹುಣ್ಣಿಮೆಯ ಬೆಳದಿಂಗಳಷ್ಟು ಮಾತ್ರ, ವಸ್ತುವನ್ನು ಗುರುತಿಸಲು ಅದರ ಅರ್ಧ ದೂರವೆಂದು ಇಟ್ಟುಕೊಳ್ಳಿ. ದೂರಕ್ಕೆ ಹೊಡೆಯುವ ದೀಪವು ಹೊಲದ ಕಾವಲಿಗೆ ಸರಿ. ನಮ್ಮ ಕಾಲುದಾರಿಗಳಲ್ಲಿ ಕಾಣಬೇಕಾದುದು ಎದುರಿನ ಗುಡ್ಡವಲ್ಲ. ಎಡಕ್ಕೆ ತೆರೆದ ಚರಂಡಿ, ಬಲಕ್ಕೆ ಜೋತ ತಂತಿ, ಕಾಲಬುಡದಲ್ಲಿ ಕಿತ್ತುಹೋದ ಚಪ್ಪಡಿ. ಹಾಗಾಗಿ ಅಗಲವಾಗಿ ಹರಡುವ ಬೆಳಕೇ ಗೃಹಸ್ಥರಿಗೆ ಮೇಲೆಂದು ನನ್ನ ಅಭಿಪ್ರಾಯ.

ಬಣ್ಣದ ವಿಷಯವನ್ನು ನಮ್ಮವರು ಲಕ್ಷಿಸುವುದೇ ಇಲ್ಲ. ಅಗ್ಗದ ದೀಪಗಳ ನೀಲಿಗಟ್ಟಿದ ಬೆಳಕಿನಲ್ಲಿ ಕಂದು, ಕೆಂಪು, ಒಣ ಎಲೆಯ ಬಣ್ಣಗಳೆಲ್ಲ ಒಂದೇ ಬೂದಿಯಾಗುತ್ತವೆ. ತರಗೆಲೆಯ ನಡುವೆ ಸುರುಳಿ ಸುತ್ತಿದ ಮಂಡಲದ ಹಾವು ತರಗೆಲೆಯಂತೆಯೇ ತೋರುತ್ತದೆ. ಪೆಟ್ಟಿಗೆಯ ಮೇಲೆ 4,000 ಅಥವಾ 5,000 ಕೆಲ್ವಿನ್ ಎಂದಿದ್ದು, ಸಿಆರ್‌ಐ ಎಂಬ ಸಂಖ್ಯೆ 90ಕ್ಕಿಂತ ಮೇಲಿದ್ದರೆ ಬಣ್ಣಗಳು ಹಗಲಿನಂತೆ ಬೇರೆ ಬೇರೆಯಾಗಿ ಕಾಣುತ್ತವೆ. ಇದಕ್ಕಾಗಿ ಲ್ಯೂಮೆನ್ ಸ್ವಲ್ಪ ಕಡಮೆಯಾಗುತ್ತದೆ, ಆಗಲಿ.

ಇನ್ನು ಸೆಲ್ಲು. ಕಿರಾಣಿ ಅಂಗಡಿಯಲ್ಲಿ ದೊರೆಯುವ ಎಎ ಅಳತೆಯ ಸೆಲ್ಲಿನ ದೀಪಕ್ಕೆ ಪ್ರಖರತೆ ಕಡಮೆ. ಆದರೆ ಮಧ್ಯರಾತ್ರಿ ಬರಿದಾದರೂ ಗೋಡೆಯ ಗಡಿಯಾರದಿಂದ ಕಿತ್ತು ಹಾಕಿಕೊಳ್ಳಬಹುದು. ಮನೆಯಲ್ಲಿ ವೃದ್ಧರಿದ್ದರೆ ಇದೇ ಲೇಸು. ಒಂದು ಸಲ ಬಳಸಿ ಎಸೆಯುವ ಸೆಲ್ಲನ್ನು ದೀಪದೊಳಗೆ ವರ್ಷಗಟ್ಟಲೆ ಮರೆತರೆ ಸೋರಿ, ಬಿಳಿಯ ಕ್ಷಾರ ಕಟ್ಟಿ, ದೀಪವನ್ನೇ ತಿನ್ನುತ್ತದೆ. ಮತ್ತೆ ತುಂಬಿಸಬಹುದಾದ ನಿಕಲ್ ಜಾತಿಯ ಸೆಲ್ಲನ್ನು ಹಾಕಿಟ್ಟರೆ ಆ ಭಯ ಕಡಮೆ. ಲಿಥಿಯಂ ಸೆಲ್ಲಿನಲ್ಲಿ ಮೋಸ ಹೆಚ್ಚು. 18650ರ ಮೇಲೆ 6,800 ಎಂದೋ 9,900 ಎಂದೋ ಬರೆದಿದ್ದರೆ ಕೊಳ್ಳಬೇಡಿ, ಆ ಗಾತ್ರದ ಸಾಮಾನ್ಯ ಸೆಲ್ಲಿನಲ್ಲಿ 3,600ರ ಮೇಲೆ ಹಿಡಿಸದು. ತಕ್ಕಡಿಯೂ ಸುಳ್ಳನ್ನು ಹಿಡಿಯುತ್ತದೆ: ನಿಜವಾದುದು 45 ಗ್ರಾಮಿಗೆ ಮೇಲ್ಪಟ್ಟು ತೂಗಬೇಕು, 30 ಗ್ರಾಮು ತೂಗುವುದು ಅರ್ಧ ಪೊಳ್ಳು. ಭಾರತೀಯ ಮಾನಕ ಸಂಸ್ಥೆಯ ಐಎಸ್ 16046 ಗುರುತನ್ನು ನೋಡಿ. ಸೆಲ್ಲನ್ನು ಹೊರತೆಗೆದು ಬದಲಾಯಿಸಲು ಬರುವಂತಿರಬೇಕು. ಒಳಗೇ ಮುಚ್ಚಿಬಿಟ್ಟ ದೀಪವು ಮೂರು ನಾಲ್ಕು ವರ್ಷಗಳಲ್ಲಿ ಸೆಲ್ಲಿನೊಡನೆ ಸಹಗಮನ ಮಾಡುತ್ತದೆ. ಬೀಗದಕೈಗೆ ನೇತುಹಾಕುವ ಪುಟ್ಟ ದೀಪಗಳಲ್ಲಿ ಗುಂಡಿಯಂತಹ ಸೆಲ್ಲುಗಳಿರುತ್ತವೆ. ಮಗು ಅದನ್ನು ನುಂಗಿದರೆ ಅನ್ನನಾಳವು ಎರಡು ಗಂಟೆಗಳೊಳಗೇ ಸುಡತೊಡಗುತ್ತದೆ. ಚಿಕ್ಕ ಮಕ್ಕಳ ಮನೆಗೆ ಅವು ಬೇಡವೇ ಬೇಡ.

ಮಳೆಗೆ ಐಪಿಎಕ್ಸ್ 4 ಎಂಬ ಗುರುತು ಸಾಕು. ನೀರಿಗೆ ಬೀಳಬಹುದೆಂದರೆ ಐಪಿಎಕ್ಸ್ 7, ಒಂದು ಮೀಟರು ಆಳದಲ್ಲಿ ಅರ್ಧ ಗಂಟೆ ತಡೆಯುತ್ತದೆ. ಗುಂಡಿಯೊಂದೇ ಇರಲಿ, ಒತ್ತಿದರೆ ಹತ್ತಬೇಕು, ಮತ್ತೆ ಒತ್ತಿದರೆ ಆರಬೇಕು. ಕಣ್ಣು ಕುಕ್ಕುವಂತೆ ಮಿಣುಕುವ ಹಂತವು ಒಂದು ಒತ್ತಿಗೇ ಬರುವಂತಿದ್ದರೆ ಅಂತಹ ದೀಪವನ್ನು ಅಜ್ಜಿಯ ಕೈಗೆ ಕೊಡುವುದು ಹೇಗೆ? ಜೇಬಿನಲ್ಲಿ ತಾನಾಗಿ ಹತ್ತಿ ಬಟ್ಟೆ ಸುಡದಂತೆ ಬಾಲವನ್ನು ಕಾಲು ಸುತ್ತು ಸಡಿಲಿಸಿಡಬಹುದು.

ರಜೆಯ ದಿನಗಳಲ್ಲಿ ಹಳೆಯ ಮದರಾಸು ರಸ್ತೆ ಹಿಡಿದು ಕೃಷ್ಣರಾಜಪುರದಿಂದ ಕೋಲಾರದ ಅಂತರಗಂಗೆಗೆ ಹೋಗುವ ತರುಣರು ಬಹಳ. ಅಲ್ಲಿಯ ಬೆಟ್ಟದಲ್ಲಿ ಬಂಡೆಗಳು ಒಂದರ ಮೇಲೊಂದು ಒರಗಿ ಆದ ಗವಿಗಳಿವೆ. ಹಗಲಿನಲ್ಲಿಯೂ ಒಳಗೆ ಕತ್ತಲೆ, ನುಸುಳುವುದಕ್ಕೆ ಎರಡು ಕೈಗಳೂ ಬೇಕು. ಇಂತಹ ಕಡೆಗೆ ಹಣೆಗೆ ಕಟ್ಟುವ ದೀಪವೇ ತಕ್ಕದ್ದು. ಕೈದೀಪ ಜೇಬಿನಲ್ಲಿ ಎರಡನೆಯದಾಗಿರಲಿ, ತುಂಬಿಸಿದ ಸೆಲ್ಲೊಂದು ಚೀಲದಲ್ಲಿರಲಿ. ಗವಿಯೊಳಗೆ ಇರುವ ಒಂದೇ ದೀಪ ಆರಿದವನಿಗೆ ಬೆಳಗಾಗುವುದೂ ತಿಳಿಯದು.

ಬೆಲೆಯ ಮಾತು: ಒಂದೂವರೆ ಸಾವಿರದಿಂದ ಮೂರು ಸಾವಿರ ರೂಪಾಯಿಗಳೊಳಗೆ ಹತ್ತು ವರ್ಷ ಬಾಳುವಂತಹುದು ದೊರೆಯುತ್ತದೆ. ತಂದ ಮೇಲೆ ಅದನ್ನು ಬೀರುವಿನಲ್ಲಿ ಇಟ್ಟರೆ ಕತ್ತಲೆಯಲ್ಲಿ ಬೀರುವನ್ನೇ ಹುಡುಕಬೇಕಾದೀತು. ಬೀದಿಬಾಗಿಲ ಹಿಂದೆ, ಮನೆಯ ಚಿಕ್ಕವರಿಗೂ ಎಟುಕುವ ಎತ್ತರದಲ್ಲಿ ಮೊಳೆಯೊಂದನ್ನು ಹೊಡೆದು ತೂಗುಹಾಕಿ. ಕೊಡೆಯ ಮೊಳೆ ಇದ್ದರೆ ಅದರ ಪಕ್ಕದಲ್ಲಿಯೇ. ಯುಗಾದಿ, ಗೌರಿಹಬ್ಬ, ದೀಪಾವಳಿ, ಸಂಕ್ರಾಂತಿಗಳಂದು ಒಮ್ಮೊಮ್ಮೆ ಹಚ್ಚಿ ನೋಡಿ ಸೆಲ್ಲನ್ನು ತುಂಬಿಸಿಟ್ಟರೆ ವರ್ಷವೆಲ್ಲ ಸಿದ್ಧವಾಗಿರುತ್ತದೆ.