ಮನೆ ವರ್ಕ್‌ಶಾಪ್‌ಗೆ ಸಣ್ಣ ಮಿಲ್ಲಿಂಗ್ ಮಷೀನ್: ಮೊದಲು ತೂಕ ನೋಡಿ, ಆಮೇಲೆ ಉಳಿದದ್ದು

ಮಿಲ್ಲಿಂಗ್ ಮಷೀನ್ ಅಂದ ಕೂಡಲೇ ಹಿಟ್ಟಿನ ಗಿರಣಿ ಅಂದುಕೊಳ್ಳೋರು ನಮ್ಮ ಕಡೆ ಜಾಸ್ತಿ. ಈ ವಾರ ಹೇಳ್ತಿರೋದು ಕಬ್ಬಿಣ ಕೆತ್ತುವ ಮಷೀನ್ ಬಗ್ಗೆ. ಲೇತ್‌ನಲ್ಲಿ ಕೆಲಸದ ತುಂಡು ತಿರುಗುತ್ತೆ, ಟೂಲ್ ನಿಂತಿರುತ್ತೆ. ಮಿಲ್ಲಿಂಗ್‌ನಲ್ಲಿ ಉಲ್ಟಾ. ಕಟರ್ ತಿರುಗುತ್ತೆ, ಟೇಬಲ್ ಮೇಲೆ ಬಿಗಿದ ತುಂಡು ಅದರ ಕೆಳಗೆ ನಿಧಾನವಾಗಿ ಸರಿಯುತ್ತೆ. ಶಾಫ್ಟಿಗೆ ಕೀ ವೇ ತೆಗೆಯೋದು, ಪಟ್ಟಿಗೆ ಉದ್ದನೆಯ ತೂತು ಮಾಡೋದು, ಸೊಟ್ಟಗಾದ ಫ್ಲಾಂಜ್ ಮುಖವನ್ನು ಮಟ್ಟ ಮಾಡೋದು ಇದರ ಕೆಲಸ.

ನಮ್ಮದು ಚನ್ನಗಿರಿ ಕಡೆಯ ಅಡಿಕೆ ತೋಟ. ಸೀಸನ್‌ನಲ್ಲಿ ಸುಲಿಯುವ ಮಷೀನಿನ ಪುಲ್ಲಿ ಸಡಿಲವಾಗಿ, ಕೀ ಆಡಿ ಆಡಿ ಶಾಫ್ಟಿನ ಕೀ ವೇ ಅಗಲವಾಯ್ತು ಅಂದರೆ ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಕೊಯ್ದ ಹಸಿ ಗೊನೆ ಅಂಗಳದಲ್ಲಿ ಬಿದ್ದಿರುತ್ತೆ. ಸುಲಿದು ಬೇಯಿಸೋದು ತಡವಾದಷ್ಟೂ ಮಾಲು ಕೆಡುತ್ತೆ, ರೇಟು ಇಳಿಯುತ್ತೆ. ಶಾಫ್ಟ್ ಬಿಚ್ಚಿಕೊಂಡು ಶಿವಮೊಗ್ಗಕ್ಕೆ ಹೋದರೆ ಅಲ್ಲೂ ಸರದಿ. ಕೆಲಸ ಅರ್ಧ ಗಂಟೆಯದು, ಹೋಗೋದು ಒಂದು ದಿನ. ನಮ್ಮ ಶೆಡ್‌ಗೆ ಮಿಲ್ಲಿಂಗ್ ಮಷೀನ್ ಬಂದಿದ್ದು ಈ ಲೆಕ್ಕದ ಮೇಲೆ.

ಹಾಗಂತ ಎಲ್ಲರೂ ತಗೊಳ್ಳಿ ಅಂತ ನಾನು ಹೇಳಲ್ಲ. ಒಂದು ವರ್ಷ ಫೋನಿನಲ್ಲೇ ಬರೆದಿಡಿ: ಇಂಥ ಕೆಲಸಕ್ಕೆ ಎಷ್ಟು ಸಲ ಪೇಟೆಗೆ ಹೋದಿರಿ, ಎಷ್ಟು ಕೊಟ್ಟಿರಿ, ಎಷ್ಟು ದಿನ ಹೋಯ್ತು. ಹತ್ತು ಸಲಕ್ಕಿಂತ ಕಡಿಮೆ ಇದ್ದರೆ ಆ ದುಡ್ಡಲ್ಲಿ ಒಳ್ಳೆ ವೆಲ್ಡಿಂಗ್ ಮಷೀನ್ ತಗೊಳ್ಳಿ, ಹೆಚ್ಚು ಉಪಯೋಗ.

ಹುಡುಗರು ನನ್ನನ್ನ ಹೆಚ್ಚು ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಡ್ರಿಲ್ಲಿಂಗ್ ಮಷೀನ್ ಇದೆಯಲ್ಲ, ಅದಕ್ಕೇ ಎಕ್ಸ್-ವೈ ಟೇಬಲ್ ಕೂರಿಸಿದ್ರೆ ಆಗಲ್ವಾ?" ವಿಡಿಯೋದಲ್ಲಿ ಆಗುತ್ತೆ, ಅದೂ ಅಲ್ಯೂಮಿನಿಯಂ ಮೇಲೆ. ಡ್ರಿಲ್ಲಿಂಗ್ ಮಷೀನಿನ ಬೇರಿಂಗು, ಕಂಬ ಎಲ್ಲಾ ಮೇಲಿಂದ ಕೆಳಕ್ಕೆ ಒತ್ತುವ ಭಾರಕ್ಕೆ ಮಾಡಿದ್ದು. ಮಿಲ್ಲಿಂಗ್‌ನಲ್ಲಿ ಒತ್ತಡ ಪಕ್ಕದಿಂದ ಬರುತ್ತೆ. ಚಕ್ ಹಿಡಿದಿರೋದು ಬರೀ ಟೇಪರ್ ಬಿಗಿಯ ಮೇಲೆ, ಅದುರಿದರೆ ತಿರುಗುತ್ತಲೇ ಕಳಚಿ ಬೀಳಬಹುದು. ಮಿಲ್ಲಿಂಗ್ ಸ್ಪಿಂಡಲ್‌ನಲ್ಲಿ ಮೇಲಿಂದ ಒಂದು ಉದ್ದ ಬೋಲ್ಟ್, ಅಂದರೆ ಡ್ರಾ ಬಾರ್, ಟೇಪರನ್ನು ಎಳೆದು ಹಿಡಿದಿರುತ್ತೆ. ಅದಿಲ್ಲದ ಮಷೀನಿಗೆ ಎಂಡ್ ಮಿಲ್ ಹಾಕಲೇಬೇಡಿ.

ಇನ್ನು ಆಯ್ಕೆ. ಜಾಹೀರಾತಿನಲ್ಲಿ ಮೊದಲು ಕಾಣೋದು ಎಚ್‌ಪಿ ಮತ್ತು ಆರ್‌ಪಿಎಂ. ನೀವು ಮೊದಲು ಕೇಳಬೇಕಾದ್ದು "ಎಷ್ಟು ಕೆಜಿ?" ಅಂತ. ಕಬ್ಬಿಣ ಕೆತ್ತುವಾಗ ಬರುವ ಅದುರನ್ನು ತಡೆಯೋದು ಬೀಡಿನ ದಪ್ಪ, ಮೋಟಾರಲ್ಲ. 50-60 ಕೆಜಿಯ ಪುಟಾಣಿ ಮಷೀನು ಮೇಜಿನ ಮೇಲೆ ಚೆನ್ನಾಗಿ ಕಾಣುತ್ತೆ, ಮಾದರಿ ಮಾಡೋರಿಗೆ ಸಾಕು. 25 ಎಂಎಂ ಶಾಫ್ಟಿನ ಮೇಲೆ ಅದು ಕಿರುಚುತ್ತೆ, ಕಟರ್ ಮುರಿಯುತ್ತೆ. ರೈತನ ಶೆಡ್‌ಗೆ 200 ಕೆಜಿಗಿಂತ ಕೆಳಗೆ ಇಳಿಯಬೇಡಿ ಅನ್ನೋದು ನನ್ನ ಅಭಿಪ್ರಾಯ. ನನ್ನದು ಸುಮಾರು 250 ಕೆಜಿ. ಇಳಿಸೋಕೆ ಚೈನ್ ಪುಲ್ಲಿ ಮತ್ತು ನಾಲ್ಕು ಜನ ಬೇಕಾಯ್ತು.

ಕಂಬ ದುಂಡಗಿದೆಯೋ, ಡವ್‌ಟೇಲ್ ಇರುವ ಚೌಕ ಕಂಬವೋ ನೋಡಿ. ದುಂಡು ಕಂಬದ್ದು ಅಗ್ಗ. ಆದರೆ ಉದ್ದದ ಡ್ರಿಲ್ ಹಾಕೋಕೆ ತಲೆ ಎತ್ತಿದಾಗ ಅದು ಪಕ್ಕಕ್ಕೂ ತಿರುಗಿಬಿಡುತ್ತೆ, ಹಿಡಿದಿದ್ದ ಸೆಂಟರ್ ಹೋಯ್ತು, ಮತ್ತೆ ಮೊದಲಿಂದ. ಡವ್‌ಟೇಲ್‌ನಲ್ಲಿ ಆ ತಲೆನೋವಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಪೀಣ್ಯ, ಬೆಳಗಾವಿಯ ಉದ್ಯಮಬಾಗ್ ಸುತ್ತಿ ನೋಡಬಹುದು. ರಾಜ್‌ಕೋಟ್, ಬಟಾಲಾ ಕಡೆಯಲ್ಲಿ ತಯಾರಾದ ಮಷೀನುಗಳೂ ಸಿಗ್ತವೆ. ಎಚ್‌ಎಂಟಿಯ ಹಳೆಯ ಎಫ್‌ಎನ್2 ಕಣ್ಣಿಗೆ ಬಿದ್ದರೆ ಮನಸ್ಸು ಕರಗೋದು ಸಹಜ. ಆದರೆ ಅದು ಟನ್‌ಗಟ್ಟಲೆ ತೂಕದ್ದು. ನೆಲ, ಬಾಗಿಲು, ಕರೆಂಟು ಮೂರನ್ನೂ ನೋಡಿಕೊಂಡು ಆಸೆಪಡಿ.

ನೋಡೋಕೆ ಹೋಗುವಾಗ ಜೇಬಲ್ಲಿ ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ ಡಯಲ್ ಗೇಜ್ ಇರಲಿ. ಬಣ್ಣ ನೋಡಬೇಡಿ, ಹಳೆ ಮಷೀನಿಗೆ ಹೊಸ ಬಣ್ಣ ಬಳಿಯೋಕೆ ಒಂದು ದಿನ ಸಾಕು. ಗೇಜನ್ನು ಸ್ಪಿಂಡಲ್ ಟೇಪರಿನ ಒಳಗೋಡೆಗೆ ಮುಟ್ಟಿಸಿ ಕೈಯಲ್ಲಿ ತಿರುಗಿಸಿ. ಮುಳ್ಳು 0.02 ಎಂಎಂಗಿಂತ ಜಾಸ್ತಿ ಆಡಿದರೆ ಬೇರಿಂಗ್ ಬಗ್ಗೆ ಮಾತಾಡಿ. ಆಮೇಲೆ ಟೇಬಲ್‌ಗೆ ಮುಟ್ಟಿಸಿ ಹ್ಯಾಂಡಲ್ಲನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ತಿರುಗಿಸಿ. ಟೇಬಲ್ ಅಲುಗಾಡದೇ ಹ್ಯಾಂಡಲ್ ಎಷ್ಟು ಖಾಲಿ ತಿರುಗುತ್ತೋ ಅದೇ ಬ್ಯಾಕ್‌ಲ್ಯಾಶ್. ಸ್ವಲ್ಪ ಇದ್ದೇ ಇರುತ್ತೆ, ನಟ್ ಬದಲಿಸಿ ಕಡಿಮೆ ಮಾಡಬಹುದು. ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಟೇಬಲ್ ಮಧ್ಯದಲ್ಲಿದ್ದಾಗ ಗಿಬ್ ಬಿಗಿ ಮಾಡಿ ಎರಡೂ ತುದಿಗೆ ಓಡಿಸಿ. ತುದಿಯಲ್ಲಿ ಸಿಕ್ಕಿಹಾಕಿಕೊಂಡರೆ ದಾರಿ ಮಧ್ಯದಲ್ಲಿ ಸವೆದಿದೆ ಅಂತ ಅರ್ಥ. ಅದನ್ನು ಸರಿಮಾಡೋದು ಮನೆಯಲ್ಲಾಗೋ ಕೆಲಸವಲ್ಲ, ಬಿಟ್ಟು ಬನ್ನಿ.

ಕರೆಂಟಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಹಳೇ ಮಷೀನಿನಲ್ಲಿ ಬಹುತೇಕ ತ್ರೀ ಫೇಸ್ ಮೋಟಾರ್ ಇರುತ್ತೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಕೊಡೋ ಉಚಿತ ವಿದ್ಯುತ್ ನೀರಾವರಿಗೆ ಮಾತ್ರ. ಆ ಲೈನಿಂದ ಶೆಡ್‌ಗೆ ಎಳೆಯೋದು ಅಕ್ರಮ, ಅದೂ ಅಲ್ಲದೆ ಬೇಕಾದ ಹೊತ್ತಿಗೆ ಅದು ಇರೋದೂ ಇಲ್ಲ. ಮನೆಯ ಸಿಂಗಲ್ ಫೇಸ್‌ನಿಂದಲೇ ಓಡಿಸೋಕೆ ವಿಎಫ್‌ಡಿ ಹಾಕಬಹುದು. ಅದು 230 ವೋಲ್ಟ್ ಸಿಂಗಲ್ ಫೇಸ್ ತಗೊಂಡು 230 ವೋಲ್ಟ್ ತ್ರೀ ಫೇಸ್ ಕೊಡುತ್ತೆ. ನಮ್ಮಲ್ಲಿ ಸಣ್ಣ ಮೋಟಾರು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್‌ನಲ್ಲಿ ಕಟ್ಟಿರುತ್ತೆ. ಟರ್ಮಿನಲ್ ಬಾಕ್ಸ್ ತೆಗೆದು ನೋಡಿ. ಆರು ತುದಿ ಹೊರಗಿದ್ದರೆ ಡೆಲ್ಟಾಗೆ ಬದಲಿಸಬಹುದು. ಮೂರೇ ಇದ್ದರೆ ರಿವೈಂಡಿಂಗ್‌ನವರ ಹತ್ತಿರ ಹೋಗಬೇಕು. ವಿಎಫ್‌ಡಿ ಮತ್ತು ಮೋಟಾರ್ ಮಧ್ಯೆ ಸ್ವಿಚ್ ಹಾಕಬೇಡಿ, ಅರ್ತಿಂಗ್ ಬಿಡಬೇಡಿ. ತುಂಬಾ ಹೊತ್ತು ಕಡಿಮೆ ಸ್ಪೀಡಲ್ಲಿ ಓಡಿಸಿದರೆ ಮೋಟಾರಿನ ಫ್ಯಾನ್ ಕೂಡ ನಿಧಾನವಾಗಿ ಬಿಸಿಯೇರುತ್ತೆ, ಅದಕ್ಕೆ ಬೆಲ್ಟ್ ಬದಲಿಸಿಯೇ ಸ್ಪೀಡ್ ಇಳಿಸೋದು ವಾಸಿ.

ಮಷೀನ್ ಬಂದ ಮೇಲೆ ಎಲ್ಲರೂ ಓಡೋದು ಡಿಜಿಟಲ್ ರೀಡಿಂಗ್ ಕಡೆಗೆ. ಅದು ಒಳ್ಳೇದೇ. ಟೇಬಲ್ ಎಲ್ಲಿದೆ ಅಂತ ನೇರವಾಗಿ ಅಳೆಯೋದರಿಂದ ಹ್ಯಾಂಡಲ್ಲಿನ ಖಾಲಿ ಸುತ್ತು ಲೆಕ್ಕಕ್ಕೆ ಬರಲ್ಲ. ಆದರೆ ಮೊದಲ ದುಡ್ಡು ವೈಸ್‌ಗೆ, ಎರಡನೇದು ಇಆರ್32 ಕೋಲೆಟ್ ಸೆಟ್ಟಿಗೆ. ಡ್ರಿಲ್ ಚಕ್‌ನಲ್ಲಿ ಎಂಡ್ ಮಿಲ್ ಹಿಡಿದರೆ ಜಾರುತ್ತಾ ಕೆಳಗಿಳಿದು ಆಳ ಕೆಡಿಸುತ್ತೆ. ಮೂರನೇದಕ್ಕೆ ದುಡ್ಡೇ ಬೇಡ, ಒಂದು ಸಂಜೆ ಸಾಕು. ಗಿಬ್ ಹೊಂದಿಸಿ, ಸ್ಪಿಂಡಲ್‌ಗೆ ಗೇಜ್ ಕಟ್ಟಿ ಟೇಬಲ್ ಮೇಲೆ ಸುತ್ತಿಸಿ, ತಲೆ ನೆಟ್ಟಗಿದೆಯಾ ನೋಡಿ ಬಿಗಿ ಮಾಡಿ. ಡಿಜಿಟಲ್ ಆಮೇಲೆ. ಸಿಎನ್‌ಸಿ ಮಾಡಿಸೋ ಯೋಚನೆ ಇದ್ದರೆ ಅದನ್ನು ಅಡಿಕೆಗೆ ಒಳ್ಳೆ ರೇಟು ಬಂದ ವರ್ಷಕ್ಕೆ ಇಟ್ಟುಕೊಳ್ಳಿ.

ಒಂದು ಉದಾಹರಣೆ. 22ರಿಂದ 30 ಎಂಎಂ ದಪ್ಪದ ಶಾಫ್ಟಿಗೆ ಕೀ 8 ಎಂಎಂ ಅಗಲ, 7 ಎಂಎಂ ಎತ್ತರ. ಶಾಫ್ಟಿನಲ್ಲಿ ಆಳ 4 ಎಂಎಂ. ಹಳೇ ಕೀ ವೇ ಅಗಲವಾಗಿದ್ದರೆ ಅದನ್ನೇ ಕೆದಕಬೇಡಿ, ಶಾಫ್ಟ್ ಸವೆದಿಲ್ಲ ಅಂದರೆ ಅರ್ಧ ಸುತ್ತು ತಿರುಗಿಸಿ ಹೊಸದು ತೆಗೆಯಿರಿ. 8 ಎಂಎಂ ಕಟರ್ ಹಾಕಿ ಒಂದೇ ಸಲ ತೆಗೆದರೆ ಸಣ್ಣ ಮಷೀನಿನಲ್ಲಿ ಗಾಡಿ ಸ್ವಲ್ಪ ಅಗಲವಾಗೋದುಂಟು. 6 ಎಂಎಂ ಸ್ಲಾಟ್ ಡ್ರಿಲ್ಲಿನಿಂದ ಅರ್ಧರ್ಧ ಎಂಎಂ ಇಳಿಸುತ್ತಾ ಆಳ ಮುಗಿಸಿ. ಆಮೇಲೆ ಎರಡೂ ಪಕ್ಕ ಕೂದಲೆಳೆಯಷ್ಟು ತೆಗೆಯುತ್ತಾ ಕೀ ತಟ್ಟಿ ಕೂರುವ ತನಕ ನೋಡಿ. ಎಚ್‌ಎಸ್‌ಎಸ್ ಕಟರಿಗೆ ಮೈಲ್ಡ್ ಸ್ಟೀಲ್ ಮೇಲೆ ನಿಮಿಷಕ್ಕೆ 25 ಮೀಟರ್ ವೇಗ ಅಂತ ಹಿಡಿದರೆ 6 ಎಂಎಂಗೆ ಸುಮಾರು 1300 ಆರ್‌ಪಿಎಂ, 16 ಎಂಎಂಗೆ 500. ಪಕ್ಕ ತೆಗೆಯುವಾಗ ಟೇಬಲ್ಲನ್ನು ಕಟರ್ ಹಲ್ಲಿಗೆ ಎದುರಾಗಿ ತಳ್ಳಿ. ಹಲ್ಲಿನ ದಿಕ್ಕಿಗೇ ತಳ್ಳಿದರೆ ಬ್ಯಾಕ್‌ಲ್ಯಾಶ್ ಇರೋ ಮಷೀನಿನಲ್ಲಿ ಕಟರ್ ತುಂಡನ್ನು ಗಬಕ್ಕನೆ ಎಳೆದುಕೊಳ್ಳುತ್ತೆ. ಕೈಗೆ ಗ್ಲೌಸ್ ಬೇಡ, ಹೆಗಲ ಮೇಲೆ ಟವೆಲ್ ಬೇಡ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಬ್ಬಿಣದ ಚೂರು ಬಾಚೋಕೆ ಬ್ರಷ್ ಇಡಿ, ಅದೂ ಮಷೀನ್ ನಿಂತ ಮೇಲೆ.

ಇನ್ನೊಂದು, ಪುಲ್ಲಿಯ ತೂತಿನ ಒಳಗಿನ ಕೀ ವೇ ಈ ಮಷೀನಿನಲ್ಲಿ ಆಗಲ್ಲ. ಅದಕ್ಕೆ ಸ್ಲಾಟಿಂಗ್ ಮಷೀನ್ ಅಥವಾ ಬ್ರೋಚ್ ಬೇಕು. ಪುಲ್ಲಿ ತರುವಾಗಲೇ ಅಂಗಡಿಯಲ್ಲಿ ಕೀ ವೇ ಸಮೇತ ಕೇಳಿ, ಬೋರ್ ಅಳತೆಯ ಜೊತೆ ಕೀ ಅಗಲವನ್ನೂ ಹೇಳಿ.