ನಿಮಗಿದು ಗೊತ್ತೆ? ಒಲೆಯ ಇದ್ದಿಲು ವಾಸನೆ ಹೀರಲು ಸಾಲದು

ಪೀಣ್ಯ, ವೈಟ್‌ಫೀಲ್ಡ್ ಕಡೆ ಮನೆಯ ಕೋಣೆಯಲ್ಲೇ ಚಿಪ್ಪಣಬೆ ಬೆಳೆದರೆ ನೆನೆಸಿದ ಹುಲ್ಲಿನ ವಾಸನೆ ಪಕ್ಕದ ಮನೆಗೂ ಹೋಗುತ್ತದೆ. ಅದನ್ನು ತಡೆಯಲು ದುಬಾರಿ ಫಿಲ್ಟರ್ ಬೇಕಿಲ್ಲ. ತಂತಿ ಜಾಲರಿಯ ಎರಡು ಕೊಳವೆಗಳನ್ನು ಒಂದರೊಳಗೊಂದು ನಿಲ್ಲಿಸಿ, ನಡುವಿನ ಸಂದಿಗೆ ಸಕ್ರಿಯ ಇಂಗಾಲದ ಹರಳು ತುಂಬಿ, ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಹೊರಗೆಳೆಯುವ ಫ್ಯಾನ್ ಜೋಡಿಸಿದರೆ ಸಾಕು. ಉಳಿತಾಯ ಕೊಳವೆಯಲ್ಲಿರಲಿ, ಇಂಗಾಲದಲ್ಲಿ ಬೇಡ. ಒಲೆಯ ಇದ್ದಿಲೇ ಸಾಲದೇ ಎಂದು ಕೇಳುವವರಿದ್ದಾರೆ. ಖಂಡಿತ ಸಾಲದು. ತೆಂಗಿನ ಕರಟದ ಇದ್ದಿಲನ್ನು ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಬೆಗೊಡ್ಡಿದಾಗ ಅದರಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಒಂದೇ ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರ್, ಅಂದರೆ ಕಾಲು ಎಕರೆಯಷ್ಟು! ವಾಸನೆಯ ಅಣುಗಳು ಅಂಟಿಕೊಳ್ಳುವುದು ಅಲ್ಲಿಯೇ.

ಅಣಬೆ ಕೋಣೆಯ ತೇವ ಇಂಗಾಲವನ್ನು ಕೆಡಿಸದೇ ಎಂಬ ಆಕ್ಷೇಪ ಸರಿಯಾದದ್ದೇ. ನೀರಾವಿಯೂ ಆ ರಂಧ್ರಗಳಲ್ಲಿ ಸೇರಿ ವಾಸನೆಗೆ ಜಾಗ ಕಡಿಮೆಯಾಗುತ್ತದೆ, ಹಾಗಾಗಿ ಹರಳನ್ನು ಬೇಗ ಬದಲಿಸಬೇಕು. ಅಲರ್ಜಿ, ಕೆಮ್ಮು ತರುವ ಅಣಬೆಯ ಬೀಜಕಗಳನ್ನು ಇಂಗಾಲ ನಂಬುವಷ್ಟು ತಡೆಯದು. ಕೊಳವೆಗೆ ಹೊರಗಿನಿಂದ ದಟ್ಟ ಬಟ್ಟೆ ಸುತ್ತಿ, ಕೊಯ್ಲಿನ ವೇಳೆ ಮಾಸ್ಕ್ ಹಾಕಿಕೊಳ್ಳಲೇಬೇಕು. ಅಣಬೆ ಬಿಡುವ ಇಂಗಾಲದ ಡೈಆಕ್ಸೈಡನ್ನೂ ಈ ಫಿಲ್ಟರ್ ತೆಗೆಯುವುದಿಲ್ಲ, ಆದ್ದರಿಂದ ಹೊಸ ಗಾಳಿ ಬರುವ ಕಿಂಡಿಯನ್ನು ಮುಚ್ಚಬೇಡಿ.