ಮೌನಕ್ಕೆ ಹೊರಡುವ ಮುನ್ನ

ನಮ್ಮ ಕೊರೋಚಿಯಲ್ಲಿ ಹಗಲಿರುಳೂ ಮಗ್ಗದ ಸದ್ದು. ಇದೇ ಹಾತಕಣಂಗಲೆ ತಾಲೂಕಿನ ಆಳತೆಯಲ್ಲಿರುವ ‘ಧಮ್ಮ ಆಲಯ’ ವಿಪಶ್ಯನಾ ಕೇಂದ್ರದಲ್ಲಿ ಮಾತೂ ಇಲ್ಲ.

ಸತ್ಯನಾರಾಯಣ ಗೋಯೆಂಕಾ ಅವರ ಪದ್ಧತಿಯ ಈ ಶಿಬಿರ 10 ದಿನದ್ದು. ಹೋಗಿಬರುವುದು ಸೇರಿ 12 ದಿನ ಬಿಡುವು ಮಾಡಿಕೊಳ್ಳಿ. ಬೆಳಗಿನ 4ಕ್ಕೆ ಏಳಬೇಕು. ಹೊಸಬರಿಗೆ ಸಂಜೆ 5ಕ್ಕೆ ಚಹಾ, ಹಣ್ಣು, ರಾತ್ರಿ ಊಟವಿಲ್ಲ. ಫೋನು, ಪುಸ್ತಕ, ಜಪಮಾಲೆ, ತಂಬಾಕು ನಿಷಿದ್ಧ. 10ನೆಯ ದಿನದ ಬೆಳಗಿನವರೆಗೆ ಶಿಬಿರಾರ್ಥಿಗಳು ತಮ್ಮೊಳಗೆ ಮಾತಾಡುವಂತಿಲ್ಲ. ಸಂದೇಹವಿದ್ದರೆ ಆಚಾರ್ಯರನ್ನು ಕೇಳಬಹುದು.

ಹೀಗಾಗಿ ಸಿದ್ಧತೆ ಮನೆಯಲ್ಲೇ ಆಗಬೇಕು. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದೆ ನಾವು ಏಳುತ್ತಿರಲಿಲ್ಲ. ನೀವೂ ಸಾಲದ ಕಂತು, ಕರೆಂಟು ಬಿಲ್ಲು, ದನದ ಮೇವು ಒಬ್ಬರಿಗೆ ಒಪ್ಪಿಸಿ ಹೊರಡಿ. ತುರ್ತಿಗೆಂದು ಕೇಂದ್ರದ ಫೋನು ನಂಬರು ಮನೆಯಲ್ಲಿ ಬರೆದಿಡಿ.

ಎಲ್ಲಕ್ಕಿಂತ ಮುಖ್ಯ, ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. ಬಿ.ಪಿ., ಸಕ್ಕರೆ ಕಾಯಿಲೆ, ಮನಸ್ಸಿನ ಬೇನೆ, ನುಂಗುವ ಗುಳಿಗೆ ಎಲ್ಲವನ್ನೂ ಬರೆಯಿರಿ. ರಾತ್ರಿ ಊಟವಿಲ್ಲದ ಜಾಗವೆಂದು ನಿಮ್ಮ ಡಾಕ್ಟರಿಗೆ ಮೊದಲೇ ತಿಳಿಸಿ. ಧ್ಯಾನಕ್ಕೆಂದು ಔಷಧ ನಿಲ್ಲಿಸಬೇಡಿ. ಗಂಭೀರ ಮನೋರೋಗವಿದ್ದವರಿಗೆ ಈ ಶಿಬಿರ ತಕ್ಕದ್ದಲ್ಲ. ಹಾಗೆ ಹೇಳಿದರೆ ಅವಮಾನವೆಂದು ತಿಳಿಯಬಾರದು.

ಶುಲ್ಕವಿಲ್ಲ. ಶಿಬಿರ ಮುಗಿದ ಮೇಲೆ ಮನಸ್ಸಿದ್ದಷ್ಟು ದಾನ ಕೊಡಬಹುದು.

ಗಡಿಯವರಾದ ನಮಗೆ ಎರಡು ಭಾಷೆ. ಅಲ್ಲಿಗೆ ಹೋದಾಗ ಎರಡಕ್ಕೂ ತುಸು ವಿಶ್ರಾಂತಿ.